ಸೇರಿಗೆ ಸವ್ವಾಸೇರು

ಸೇರು ಎಂಬ ಅಳತೆ ನಮ್ಮ ದೇಶದಲ್ಲಿ ಕಾನೂನಿನ ಕಣ್ಣಿಗೆ ಇಲ್ಲವಾಗಿ ಅರವತ್ತು ವರ್ಷಗಳ ಮೇಲಾಯಿತು. ಆದರೂ ಒಬ್ಬ ಜಾಣನಿಗೆ ಅವನನ್ನು ಮೀರಿಸುವ ಮತ್ತೊಬ್ಬ ಜಾಣ ಎದುರಾದಾಗ ನಾವು 'ಸೇರಿಗೆ ಸವ್ವಾಸೇರು' ಎಂದೇ ಹೇಳುತ್ತೇವೆ. 'ಕಿಲೋಗೆ ಒಂದೂಕಾಲು ಕಿಲೋ' ಎಂದು ಹೇಳಿದವರನ್ನು ನಾನಂತೂ ಕಂಡಿಲ್ಲ. ಪೂರ್ತಿ ನಿಜವಾದ ಮಾತನ್ನು ಹದಿನಾರಾಣೆ ನಿಜವೆನ್ನುತ್ತೇವೆ. ತೀರ ಅಲ್ಪವಾದುದಕ್ಕೆ ಗುಲಗಂಜಿಯಷ್ಟು ಎನ್ನುತ್ತೇವೆ. ಮನಸ್ಸು ಮಾಡಲು ತಡಮಾಡುವವನು ಅಳೆದೂ ಸುರಿದೂ ಒಪ್ಪಿಕೊಂಡನೆನ್ನುತ್ತೇವೆ. ಅಂಗಡಿಯಿಂದ ಹೊರಟುಹೋದ ಅಳತೆಗಳು ನಾಲಗೆಯ ಮೇಲೆ ಇನ್ನೂ ಒಕ್ಕಲಿವೆ. ಅವು ಎಲ್ಲಿಂದ ಬಂದವು, ಹೇಗೆ ಕೆಲಸ ಮಾಡುತ್ತಿದ್ದವು, ಏಕೆ ಹೊರಟುಹೋದವು ಎಂಬುದನ್ನು ವಿಚಾರಿಸಹೊರಟರೆ ಅದು ಬರಿಯ ಲೆಕ್ಕದ ಕಥೆಯಾಗಿ ಉಳಿಯುವುದಿಲ್ಲ. ಕೊಡುವವನಿಗೂ ಕೊಳ್ಳುವವನಿಗೂ ನಡುವಣ ನ್ಯಾಯದ ಕಥೆಯಾಗುತ್ತದೆ.

ಮನುಷ್ಯನಿಗೆ ಮೊದಲು ಒದಗಿದ ಅಳತೆಗೋಲು ಅವನ ಮೈಯೇ. ಬೆರಳಿನ ಅಗಲ ಅಂಗುಲವಾಯಿತು. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗೆ ಚಾಚಿದ ಅಂಗೈ ಗೇಣಾಯಿತು. ಮೊಳಕೈಯಿಂದ ನಡುಬೆರಳಿನ ತುದಿಯವರೆಗಿನ ಉದ್ದ ಮೊಳವಾಯಿತು. ಎರಡು ತೋಳುಗಳನ್ನೂ ಅಗಲವಾಗಿ ಚಾಚಿದರೆ ಒಂದು ಮಾರು. ಹನ್ನೆರಡು ಅಂಗುಲಕ್ಕೆ ಗೇಣು, ಎರಡು ಗೇಣಿಗೆ ಮೊಳ, ನಾಲ್ಕು ಮೊಳಕ್ಕೆ ಮಾರು ಎಂಬ ಲೆಕ್ಕ ಯಾರೋ ಕುಳಿತು ಕಟ್ಟಿದ್ದಲ್ಲ. ಮೈಯ ಕಟ್ಟಿನಲ್ಲೇ ಹೆಚ್ಚುಕಡಿಮೆ ಹಾಗಿದೆ. ಚಾಚಿದ ತೋಳುಗಳ ಉದ್ದ ನಿಂತ ಮನುಷ್ಯನ ಎತ್ತರಕ್ಕೆ ಸಾಮಾನ್ಯವಾಗಿ ಸಮನಾಗಿರುತ್ತದೆಂಬುದನ್ನು ಯಾರು ಬೇಕಾದರೂ ಗೋಡೆಗೆ ಒರಗಿ ಪರೀಕ್ಷಿಸಬಹುದು. ಚಿಟಿಕೆ, ಹಿಡಿ, ಬೊಗಸೆಗಳೂ ಇದೇ ಕುಟುಂಬದವು. ಈ ಅಳತೆಗೋಲನ್ನು ಎಲ್ಲಿಯೂ ಮರೆತು ಬರುವ ಭಯವಿಲ್ಲ, ಕಳ್ಳರು ಕದಿಯುವ ಭಯವಿಲ್ಲ. ಒಂದೇ ತೊಂದರೆಯೆಂದರೆ ಒಬ್ಬರ ಮೊಳ ಇನ್ನೊಬ್ಬರ ಮೊಳವಲ್ಲ. ಮಾರುಕಟ್ಟೆಯಲ್ಲಿ ಹೂ ಮಾರುವಾಕೆ ಇಂದಿಗೂ ಮಲ್ಲಿಗೆಯ ಮಾಲೆಯನ್ನು ತನ್ನ ಕೈಯಿಂದಲೇ ಅಳೆದುಕೊಡುತ್ತಾಳೆ. ಆಕೆಯ ಕೈ ಗಿಡ್ಡವೋ ಉದ್ದವೋ ಎಂದು ನಾವು ಜಗಳವಾಡುವುದಿಲ್ಲ. ಕೊಂಡ ಮಾಲೆಯ ತುದಿಗೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಿದರೆ ಸಂತೋಷಪಡುತ್ತೇವೆ. ಅಳತೆ ಸಡಿಲವಾಗಿದ್ದಲ್ಲಿ ಸಂಬಂಧ ಬಿಗಿಯಾಗಿರಬೇಕಾಗುತ್ತದೆ. ಆದರೆ ಸಂಬಂಧವೇ ಇಲ್ಲದ ಕಡೆ, ಅಥವಾ ಒಬ್ಬ ಪ್ರಬಲನಾಗಿ ಇನ್ನೊಬ್ಬ ದುರ್ಬಲನಾಗಿರುವ ಕಡೆ, ಈ ಸಡಿಲ ಯಾರಿಗೆ ಲಾಭ ತರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೂಕಕ್ಕೆ ಮೈ ಸಾಲದು. ಅದಕ್ಕೆ ಹೊರಗಿನ ವಸ್ತು ಬೇಕು. ಹಿಂದಿನವರು ಪ್ರಕೃತಿಯಲ್ಲಿ ಒಂದೇ ಸಮನಾಗಿ ಕಾಣುವ ವಸ್ತುಗಳನ್ನು ಹುಡುಕಿದರು. ನಮ್ಮ ಅಕ್ಕಸಾಲಿಗರಿಗೆ ಸಿಕ್ಕಿದ್ದು ಗುಲಗಂಜಿ. ಕೆಂಪು ಮೈ, ಕಪ್ಪು ಮೂತಿಯ ಆ ಬೀಜ ಒಣಗಿದ ಮೇಲೆ ಬಹುಕಾಲ ಕೆಡುವುದಿಲ್ಲ, ಹುಳು ಹಿಡಿಯುವುದಿಲ್ಲ. ತೊಂಬತ್ತಾರು ಗುಲಗಂಜಿಗೆ ಒಂದು ತೊಲವೆಂಬ ಲೆಕ್ಕದಲ್ಲಿ ಒಂದರ ತೂಕ ಗ್ರಾಮಿನ ಎಂಟನೆಯ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ. ಮೆಡಿಟರೇನಿಯನ್ ತೀರದವರು ಇದೇ ಕೆಲಸಕ್ಕೆ ಕ್ಯಾರಬ್ ಮರದ ಬೀಜವನ್ನು ಹಿಡಿದರು. ವಜ್ರದ ತೂಕ ಹೇಳುವ ಕ್ಯಾರಟ್ ಎಂಬ ಮಾತು ಹುಟ್ಟಿದ್ದು ಅದರಿಂದ. ಇಂಗ್ಲೆಂಡಿನವರು ಬಾರ್ಲಿಯ ಕಾಳನ್ನು ನಂಬಿದರು. ಬೀಜದ ನಂತರ ಕಲ್ಲು. ಕಬ್ಬಿಣದಲ್ಲಿ ಎರಕ ಹೊಯ್ದ ಬಟ್ಟನ್ನೂ ನಮ್ಮವರು 'ತೂಕದ ಕಲ್ಲು' ಎಂದೇ ಕರೆಯುತ್ತಾರೆ. ಈ ಹೆಸರಿನ ಹಿಂದೆ ಬಹು ದೊಡ್ಡ ಚರಿತ್ರೆಯಿದೆ. ಸಿಂಧೂ ಕಣಿವೆಯ ಹರಪ್ಪ, ಮೊಹೆಂಜೊದಾರೊ, ಲೋಥಲ್‌ಗಳಲ್ಲಿ ನುಣುಪಾಗಿ ತಿದ್ದಿದ ಘನಾಕಾರದ ಕಲ್ಲುಗಳು ಹೇರಳವಾಗಿ ಸಿಕ್ಕಿವೆ. ಅವನ್ನು ತೂಗಿ ನೋಡಿದಾಗ ಒಂದು ಸಂಗತಿ ಗೋಚರವಾಯಿತು: ಸಣ್ಣ ಕಲ್ಲುಗಳ ತೂಕ ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು ಎಂಬ ಶ್ರೇಢಿಯಲ್ಲಿ ಸಾಗುತ್ತದೆ. ಹದಿನಾರರ ಕಲ್ಲು ಸುಮಾರು 13.7 ಗ್ರಾಮಿನದು, ಎಲ್ಲಕ್ಕಿಂತ ಹೆಚ್ಚಾಗಿ ದೊರೆತಿರುವುದೂ ಅದೇ.

ಈ ಶ್ರೇಢಿಯನ್ನು ಕೇಳಿದೊಡನೆ ನಮ್ಮ ಹಳೆಯ ಅಡುಗೆಮನೆಯ ನೆನಪಾಗಬೇಕು. ಸೇರನ್ನು ಅರ್ಧ ಮಾಡಿದರೆ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು, ಅದರರ್ಧ ಚಟಾಕು. ಹದಿನಾರು ಚಟಾಕಿಗೆ ಸೇರು, ಹದಿನಾರು ಆಣೆಗೆ ರೂಪಾಯಿ. ಹದಿನಾರನೆಯ ಒಂದು ಪಾಲಿಗೆ ಕನ್ನಡದಲ್ಲಿ 'ವೀಸ' ಎಂಬ ಪ್ರತ್ಯೇಕವಾದ ಹೆಸರೇ ಇದೆ. ಹತ್ತು ಬೆರಳಿನ ಮನುಷ್ಯ ಹದಿನಾರನ್ನು ಏಕೆ ಹಿಡಿದುಕೊಂಡನು? ಕಾರಣ ತಕ್ಕಡಿಯಲ್ಲಿದೆ. ಒಂದು ರಾಶಿಯನ್ನು ಹತ್ತು ಸಮಪಾಲು ಮಾಡಲು ಲೆಕ್ಕ ಬರಬೇಕು. ಎರಡು ಸಮಪಾಲು ಮಾಡಲು ಏನೂ ಬರಬೇಕಾಗಿಲ್ಲ. ಎರಡು ತಟ್ಟೆಗಳಿಗೆ ಹಾಕಿ ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಅತ್ತಿಂದಿತ್ತ ತೆಗೆದು ಹಾಕಿದರಾಯಿತು. ಆ ಅರ್ಧವನ್ನು ಮತ್ತೆ ಅರ್ಧ ಮಾಡಬಹುದು. ಹೀಗೆ ನಾಲ್ಕು ಸಲ ಮಾಡಿದರೆ ಹದಿನಾರನೆಯ ಪಾಲು ಬರುತ್ತದೆ. ಅಕ್ಷರ ತಿಳಿಯದವರೂ ಬೇಕಾದಾಗ ಪರೀಕ್ಷಿಸಿಕೊಳ್ಳಬಹುದಾದ ಗಣಿತ ಅದು. ಅಲ್ಲದೆ ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂಬ ಐದೇ ಕಲ್ಲುಗಳನ್ನು ಬೇಕಾದಂತೆ ಕೂಡಿಸಿ ಒಂದರಿಂದ ಮೂವತ್ತೊಂದರವರೆಗಿನ ಯಾವ ತೂಕವನ್ನಾದರೂ ತೂಗಬಹುದು. ನಮ್ಮ ಹಿರಿಯರಿಗೆ ದಶಮಾಂಶ ತಿಳಿದಿರಲಿಲ್ಲವೆಂದಲ್ಲ. ಜಗತ್ತಿಗೆ ಹತ್ತರ ಸ್ಥಾನಮೌಲ್ಯವನ್ನು ಕೊಟ್ಟವರೇ ಅವರು. ಬರೆಯುವ ಲೆಕ್ಕಕ್ಕೆ ಹತ್ತು, ಹಂಚುವ ಲೆಕ್ಕಕ್ಕೆ ಹದಿನಾರು ಎಂದು ಅವರು ಕೆಲಸಕ್ಕೆ ತಕ್ಕಂತೆ ಎರಡನ್ನೂ ಇಟ್ಟುಕೊಂಡಿದ್ದರು.

ಕನ್ನಡ ನಾಡಿನ ಗಣಿತಜ್ಞರು ಈ ಮಾನಗಳನ್ನು ಕ್ಷುದ್ರವಾದ ವಿಷಯವೆಂದು ಕಡೆಗಣಿಸಲಿಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದ ಆರಂಭದಲ್ಲಿಯೇ ಕ್ಷೇತ್ರ, ಕಾಲ, ಧಾನ್ಯ, ಚಿನ್ನ, ಬೆಳ್ಳಿ, ಲೋಹಗಳ ಮಾನಗಳನ್ನು ಒಂದೊಂದಾಗಿ ವಿವರಿಸುತ್ತಾನೆ. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಬರೆದ ಗಣಿತಗ್ರಂಥಕ್ಕೆ 'ವ್ಯವಹಾರಗಣಿತ' ಎಂದೇ ಹೆಸರಿಟ್ಟನು. ಶಾಸನಗಳನ್ನು ಓದುವವರಿಗೆ ಮತ್ತರು, ಕಮ್ಮ, ಕೊಳಗ, ಖಂಡುಗಗಳು ರಾಜರ ಬಿರುದುಗಳಷ್ಟೇ ಪರಿಚಿತ. ದತ್ತಿಯ ಭೂಮಿಯನ್ನು ಯಾವ 'ಗಳೆ'ಯಿಂದ, ಎಂದರೆ ಯಾವ ಅಳತೆಗೋಲಿನಿಂದ ಅಳೆಯಲಾಯಿತೆಂಬುದನ್ನು ಶಾಸನಗಳು ಹಲವೆಡೆ ಹೆಸರಿಸುತ್ತವೆ. ಬಳ್ಳಿಗಾವೆಯ ಶಾಸನಗಳಲ್ಲಿ ಭೇರುಂಡ ಗಳೆಯ ಮಾತು ಬರುತ್ತದೆ; ಗಂಡಭೇರುಂಡವನ್ನು ಹೊತ್ತ ಕಂಬ ಆ ಊರಿನಲ್ಲಿ ಇಂದಿಗೂ ನಿಂತಿದೆ. ಕೋಲಿನ ಹೆಸರನ್ನು ಕಲ್ಲಿನಲ್ಲಿ ಕೊರೆಸಬೇಕಾಗಿ ಬಂದುದಕ್ಕೆ ಕಾರಣ ಸ್ಪಷ್ಟವಾಗಿದೆ: ಕೋಲುಗಳು ಹಲವಿದ್ದವು. ಯಾವ ಕೋಲೆಂದು ಹೇಳದಿದ್ದರೆ ನೂರು ಮತ್ತರು ಎಂಬ ಮಾತಿಗೆ ಅರ್ಥವಿರಲಿಲ್ಲ.

ಭೂಮಿಯ ಇನ್ನೊಂದು ಅಳತೆ ನಮಗೆ ಈಗ ವಿಚಿತ್ರವಾಗಿ ತೋರಬಹುದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅದು ಧಾನ್ಯದ ಅಳತೆ. ಆದರೆ ಹಳೆಯ ಮೈಸೂರಿನ ರೈತನು 'ನನಗೆ ಒಂದು ಖಂಡುಗ ಗದ್ದೆಯಿದೆ' ಎಂದೂ ಹೇಳುತ್ತಿದ್ದನು. ಒಂದು ಖಂಡುಗ ಬೀಜ ಬಿತ್ತುವಷ್ಟು ನೆಲವೆಂದು ಅದರ ಅರ್ಥ. ಇದಕ್ಕೆ ಬೀಜವರಿ ಎಂದು ಹೆಸರು. ಬಡಗಣ ಕರ್ನಾಟಕದಲ್ಲಿ ಹೊಲವನ್ನು ಕೂರಿಗೆಯ ಲೆಕ್ಕದಲ್ಲಿ ಹೇಳುವ ರೂಢಿಯಿತ್ತು. ನೀರಾವರಿಯ ಖಂಡುಗ ಬೇರೆ, ಬೆದ್ದಲಿನ ಖಂಡುಗ ಬೇರೆ; ಎರಡರ ವಿಸ್ತೀರ್ಣದಲ್ಲಿ ಬಹಳ ಅಂತರ. ಸರ್ವೇಯರನ ಕಣ್ಣಿಗೆ ಇದು ಅವ್ಯವಸ್ಥೆ. ರೈತನ ಕಣ್ಣಿಗೆ ಅದರಲ್ಲಿ ವಿವೇಕವಿತ್ತು. ಅವನಿಗೆ ಬೇಕಾದದ್ದು ನೆಲದ ಚದರಡಿಯಲ್ಲ. ಈ ನೆಲಕ್ಕೆ ಎಷ್ಟು ಬೀಜ ಬೇಕು, ಎಷ್ಟು ದುಡಿಮೆ ಬೇಕು, ಎಷ್ಟು ಕಾಳು ಬಂದೀತು ಎಂಬುದು. ಬೀಜವರಿ ಆ ಮೂರಕ್ಕೂ ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಿತ್ತು. ಹಳೆಯ ಅಳತೆಗಳು ವಸ್ತುವನ್ನು ಮಾತ್ರ ಅಳೆಯುತ್ತಿರಲಿಲ್ಲ. ವಸ್ತುವಿಗೂ ಮನುಷ್ಯನಿಗೂ ಇರುವ ನಂಟನ್ನು ಅಳೆಯುತ್ತಿದ್ದವು. ಅವುಗಳ ಹಿರಿಮೆಯೂ ಅದೇ, ಅಪಾಯವೂ ಅದೇ.

ಅಪಾಯ ಯಾವ ಬಗೆಯದೆಂಬುದನ್ನು ಈಗ ನೋಡೋಣ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹೋದಲ್ಲೆಲ್ಲ ಅಲ್ಲಲ್ಲಿಯ ತೂಕ, ಅಳತೆಗಳನ್ನು ಬರೆದುಕೊಂಡನು. ಒಂದು ಊರಿನದು ಇನ್ನೊಂದು ಊರಿಗೆ ಹೊಂದುತ್ತಿರಲಿಲ್ಲ. ಕಚ್ಚಾ ಸೇರೆಂದರೆ 24 ರೂಪಾಯಿ ತೂಕ. ಪಕ್ಕಾ ಸೇರೆಂದರೆ 80 ರೂಪಾಯಿಗೂ ಮೇಲೆ. ಮದರಾಸಿನ ಮಣ 25 ಪೌಂಡಾದರೆ ಮುಂಬಯಿಯ ಮಣ 28 ಪೌಂಡು. ಉತ್ತರ ಹಿಂದೂಸ್ಥಾನದ ಮಣ 82 ಪೌಂಡಿಗೂ ಮಿಗಿಲು. ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕಾಲದಲ್ಲಿ ಒಂದೇ ಭಾಷೆಯ ಒಂದೇ ಮಾತು ಗಡಿಯಾಚೆ ಬೇರೆ ತೂಕವಾಗುತ್ತಿತ್ತು. ಇಷ್ಟಾದರೂ ವ್ಯಾಪಾರಿಗಳಿಗೆ ತೊಂದರೆಯಿರಲಿಲ್ಲ. ಅವರು ಎಲ್ಲ ಲೆಕ್ಕಗಳನ್ನೂ ಬಲ್ಲವರು. ಬೇರೆ ಊರಿನ ಲೆಕ್ಕ ತಿಳಿಯದವನು ಬೆಳೆದು ಮಾರುವ ಬಡವ.

ಅಳತೆಯ ಹೆಸರು ಒಂದೇ ಆಗಿ, ಪಾತ್ರೆಯೂ ಸಾಚಾ ಆಗಿದ್ದರೂ ಮೋಸಕ್ಕೆ ಎಡೆಯುಂಟು. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯ ಕೊಳಗವನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುವ ಮಂಗಳಕರವಾದ ಪದ್ಧತಿ ನಮ್ಮಲ್ಲಿದೆ. ಆದರೆ ಆ ಲಾಭ ಯಾರ ಮನೆಗೆ ಹೋಗುವುದೆಂಬುದು ಅಳೆಯುವವನ ಕೈಯನ್ನು ಅವಲಂಬಿಸಿತ್ತು. ಕೊಳಗದ ಬಾಯಿಗೆ ಸಮನಾಗಿ ಕೋಲಿನಿಂದ ಒರೆಸಿ ಅಳೆಯಬಹುದು. ಅಥವಾ ಮೇಲೆ ಗೋಪುರ ಕಟ್ಟಿ ಅಳೆಯಬಹುದು. ಗೋಪುರ ಎಷ್ಟು ದೊಡ್ಡದಾದೀತು? ಕಾಳುಗಳು ಒಂದು ಮಿತಿಗಿಂತ ಕಡಿದಾಗಿ ನಿಲ್ಲಲಾರವು, ಜಾರುತ್ತವೆ. ಆ ಇಳಿಜಾರು ಮೂವತ್ತು ಡಿಗ್ರಿಯೆಂದು ಇಟ್ಟುಕೊಳ್ಳೋಣ. ಬಾಯಿಯ ಅಗಲದಷ್ಟೇ ಎತ್ತರವಿರುವ ಪಾತ್ರೆಯ ಮೇಲೆ ನಿಲ್ಲುವ ಗೋಪುರ ಪಾತ್ರೆಯೊಳಗಿನ ಕಾಳಿನ ಹತ್ತನೆಯ ಒಂದು ಪಾಲಿನಷ್ಟಾಗುತ್ತದೆ. ಅದೇ ಕಾಳು ಹಿಡಿಯುವ ಇನ್ನೊಂದು ಪಾತ್ರೆಯನ್ನು ಅಗಲಕ್ಕೆ ಕಾಲುಭಾಗ ಮಾತ್ರ ಎತ್ತರವಿರುವಂತೆ ತಟ್ಟಿಸಿದರೆ ಅದರ ಮೇಲಿನ ಗೋಪುರ ಮೂರನೆಯ ಒಂದು ಪಾಲನ್ನೂ ಮೀರುತ್ತದೆ. ಎರಡು ಪಾತ್ರೆಗಳಿಗೂ ಬಾಯಿಮಟ್ಟಕ್ಕೆ ಹಿಡಿಯುವುದು ಒಂದೇ ಸಮ. ಯಾವ ಅಧಿಕಾರಿ ಬಂದು ನೀರು ಹೊಯ್ದು ಪರೀಕ್ಷಿಸಿದರೂ ಎರಡೂ ಸಾಚಾ. ಆದರೆ ಉದ್ದನೆಯ ಪಾತ್ರೆಯಲ್ಲಿ ಸಾಲ ಕೊಟ್ಟು ಅಗಲವಾದ ಪಾತ್ರೆಯಲ್ಲಿ ಹಿಂದಕ್ಕೆ ಪಡೆದವನು, ಬಡ್ಡಿಯೆಂಬ ಮಾತನ್ನೇ ಎತ್ತದೆ ನಾಲ್ಕನೆಯ ಒಂದು ಪಾಲು ಬಡ್ಡಿ ತಿಂದಂತಾಯಿತು. ಇದಲ್ಲದೆ ಕಾಳನ್ನು ಎತ್ತರದಿಂದ ಸುರಿದರೆ ಒತ್ತಾಗಿ ಕೂತು ಹೆಚ್ಚು ಹಿಡಿಯುತ್ತದೆ. ಮೆಲ್ಲಗೆ ಜಾರಿಸಿದರೆ ಕಡಿಮೆ. ಪಾತ್ರೆಯನ್ನು ಕುಲುಕಿದರೆ ಇನ್ನೊಂದು ಹಿಡಿ. ಗೇಣಿ ಕೊಡುವವನ ಮುಂದೆ ಕುಲುಕುವವನು ಯಾರು, ಕೂಲಿ ಪಡೆಯುವವಳ ಮುಂದೆ ಒರೆಸುವವನು ಯಾರು ಎಂಬುದರಲ್ಲಿ ಹಳ್ಳಿಯ ಅರ್ಥಶಾಸ್ತ್ರವೆಲ್ಲ ಅಡಗಿತ್ತು.

ತಕ್ಕಡಿ ಇದಕ್ಕಿಂತ ಮೇಲು. ಬಡಗಣ ನಾಡಿನವರು, ಕರಾವಳಿಯವರು ಅದನ್ನು ತ್ರಾಸು ಎನ್ನುತ್ತಾರೆ. ನಡುವೆ ಹಿಡಿದೆತ್ತಿದ ಒಂದು ದಂಡಿಗೆ, ಎರಡು ತುದಿಗೆ ಎರಡು ತಟ್ಟೆ, ನಡುವೆ ಒಂದು ಮುಳ್ಳು. ಇಷ್ಟೇ ಅದರ ಅಂಗಾಂಗ. ಆದರೆ ಅದರ ಗುಣ ದೊಡ್ಡದು. ಅದು ಭಾರವನ್ನು ಹೇಳುವುದಿಲ್ಲ. ಎರಡು ಭಾರಗಳು ಸಮವೇ ಎಂಬುದನ್ನು ಮಾತ್ರ ಹೇಳುತ್ತದೆ. ಆದ್ದರಿಂದ ಬೆಟ್ಟದ ಮೇಲೆ ತೂಗಿದರೂ ಕಡಲತೀರದಲ್ಲಿ ತೂಗಿದರೂ ಅದರ ತೀರ್ಪು ಒಂದೇ. ದಂಡಿಗೆಯ ಎರಡು ಕೈಗಳು ಸಮನಾಗಿರಬೇಕೆಂಬುದೊಂದೇ ಅದರ ಷರತ್ತು. ಒಂದು ಕೈ ಹತ್ತು ಅಂಗುಲವಿದ್ದು ಇನ್ನೊಂದು ಕಾಲು ಅಂಗುಲ ಕಿರಿದಾದರೆ, ಖಾಲಿ ತಟ್ಟೆಗಳು ಸಮನಾಗಿ ನಿಲ್ಲುವಂತೆ ಸರಿಪಡಿಸಿಟ್ಟರೂ, ನೂರಕ್ಕೆ ಎರಡೂವರೆ ಪಾಲು ಮೋಸ ನಡೆದುಹೋಗುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಕಲ್ಲಿದ್ದ ತಟ್ಟೆಗೆ ಸಾಮಾನು, ಸಾಮಾನಿದ್ದ ತಟ್ಟೆಗೆ ಕಲ್ಲು ಎಂದು ಅದಲುಬದಲು ಮಾಡಿದರೆ ಸಾಚಾ ತಕ್ಕಡಿ ಅಲುಗುವುದಿಲ್ಲ. ಖೋಟಾ ತಕ್ಕಡಿ ಒಡನೆಯೇ ವಾಲುತ್ತದೆ. ಸಂತೆಯಲ್ಲಿ 'ಆ ಕಡೆ ಹಾಕಿ ತೂಗಪ್ಪ' ಎನ್ನುತ್ತಿದ್ದ ಹೆಂಗಸರು ಯಂತ್ರಶಾಸ್ತ್ರವನ್ನು ಓದಿದವರಲ್ಲ. ಅವರಿಗೆ ಅದರ ಸಾರ ಗೊತ್ತಿತ್ತು. ಕಬ್ಬಿಣದ ಕಲ್ಲಿನ ತಳವನ್ನು ತಿರುಗಿಸಿ ನೋಡಿದವರಿಗೆ ಅಲ್ಲಿ ಸೀಸ ತುಂಬಿದ ಒಂದು ಕುಳಿ ಕಂಡಿರಬಹುದು. ಕಲ್ಲು ಸವೆದಾಗ ಸೀಸ ಸೇರಿಸಿ ತೂಕ ಸರಿಮಾಡುವುದಕ್ಕೂ, ಸರ್ಕಾರದ ಮುದ್ರೆ ಒತ್ತುವುದಕ್ಕೂ ಇರುವ ಜಾಗ ಅದು. ಕಬ್ಬಿಣಕ್ಕೆ ಮುದ್ರೆ ಹತ್ತುವುದು ಕಷ್ಟ. ಮೆತ್ತನೆಯ ಸೀಸಕ್ಕೆ ಸುಲಭ.

ಅಳತೆಯ ಅನ್ಯಾಯದಿಂದ ಬೇಸತ್ತ ಜನರಲ್ಲಿ ನಮ್ಮವರು ಒಂಟಿಯಲ್ಲ. ಫ್ರಾನ್ಸಿನಲ್ಲಿ 1789ರ ಕ್ರಾಂತಿಯ ಹೊಸ್ತಿಲಲ್ಲಿ ಊರೂರಿನಿಂದ ದೊರೆಗೆ ಬಂದ ಅಹವಾಲುಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ದೂರು ಇದು: ಜಮೀನ್ದಾರನ ಕೊಳಗ ದಿನದಿನಕ್ಕೂ ದೊಡ್ಡದಾಗುತ್ತಿದೆ, ದೇಶಕ್ಕೆಲ್ಲ ಒಂದೇ ಅಳತೆ ಬೇಕು. ಹೊಸ ಅಳತೆ ಯಾವ ರಾಜನ ತೋಳಿನದೂ, ಯಾವ ಊರಿನ ಕೋಲಿನದೂ ಆಗಬಾರದೆಂದು ವಿದ್ವಾಂಸರು ಭೂಮಿಯನ್ನೇ ಅಳತೆಗೋಲಾಗಿ ಆರಿಸಿದರು. ಉತ್ತರಧ್ರುವದಿಂದ ಸಮಭಾಜಕದವರೆಗಿನ ದೂರದ ಒಂದು ಕೋಟಿಯ ಒಂದು ಪಾಲು ಮೀಟರು ಎಂದಾಯಿತು. ಮೀಟರಿನ ಹತ್ತನೆಯ ಒಂದು ಪಾಲು ಉದ್ದಗಲ ಎತ್ತರವಿರುವ ಘನದಲ್ಲಿ ಹಿಡಿಯುವ ನೀರಿನ ಪ್ರಮಾಣ ಲೀಟರು. ಆ ನೀರಿನ ತೂಕ ಕಿಲೋಗ್ರಾಮು. ಉದ್ದ, ಹಿಡಿತ, ತೂಕ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದಂತಾಯಿತು. ಡೆಲಾಂಬ್ರ್ ಮತ್ತು ಮೆಶೆನ್ ಎಂಬ ಇಬ್ಬರು ಖಗೋಳಜ್ಞರು 1792ರಲ್ಲಿ ಹೊರಟು, ಡನ್‌ಕರ್ಕಿನಿಂದ ಬಾರ್ಸಿಲೋನದವರೆಗೆ, ಕ್ರಾಂತಿಯ ಗಲಭೆಯ ನಡುವೆ, ಗೋಪುರದಿಂದ ಗೋಪುರಕ್ಕೆ ಕೋನ ಹಿಡಿದು ಏಳು ವರ್ಷಗಳ ಕಾಲ ಅಳೆದರು. ಬಾರ್ಸಿಲೋನದಲ್ಲಿ ತಾನು ಕಂಡ ಎರಡು ಅಕ್ಷಾಂಶಗಳು ಒಂದಕ್ಕೊಂದು ಹೊಂದದಿದ್ದುದನ್ನು ಮೆಶೆನ್ ಯಾರಿಗೂ ತಿಳಿಸದೆ ಮನಸ್ಸಿನಲ್ಲಿಟ್ಟುಕೊಂಡು ಕೊರಗಿದನು. ಅಳತೆಯನ್ನು ಮುಂದುವರಿಸಲು ಮತ್ತೆ ಸ್ಪೇನಿಗೆ ಹೋಗಿ 1804ರಲ್ಲಿ ಅಲ್ಲಿಯೇ ಜ್ವರದಿಂದ ತೀರಿಕೊಂಡನು. ನ್ಯಾಯವಾದ ಅಳತೆಗಾಗಿ ಜೀವ ತೆತ್ತವರೂ ಉಂಟು. ಅವರು ಕಟ್ಟಿದ ಮೀಟರು ಇರಬೇಕಾದುದಕ್ಕಿಂತ ಸುಮಾರು ಮಿಲಿಮೀಟರಿನ ಐದನೆಯ ಒಂದು ಪಾಲು ಗಿಡ್ಡ. ಭೂಮಿ ತಿಳಿದಷ್ಟು ಕ್ರಮವಾದ ಗೋಳವಲ್ಲ ಎಂಬುದೂ ಈ ಅಳತೆಯಿಂದಲೇ ಗೊತ್ತಾಯಿತು. ಜನ ಈ ಹೊಸ ಅಳತೆಯನ್ನು ಕೂಡಲೆ ಒಪ್ಪಲಿಲ್ಲ. 1812ರಲ್ಲಿ ನೆಪೋಲಿಯನ್ ಹಳೆಯ ಹೆಸರುಗಳಿಗೆ ಮತ್ತೆ ಅವಕಾಶ ಕೊಡಬೇಕಾಯಿತು. ಫ್ರಾನ್ಸಿನಲ್ಲೇ ಅದು ಕಡ್ಡಾಯವಾಗಿ ನೆಲೆಗೊಂಡದ್ದು 1840ರಲ್ಲಿ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದ್ದು ಕಂಪನಿ ಸರ್ಕಾರ. 1833ರಲ್ಲಿ ತೊಲವನ್ನು 180 ಗ್ರೇನೆಂದು ಗೊತ್ತುಮಾಡಿದರು. 80 ತೊಲಕ್ಕೆ ಸೇರು, 40 ಸೇರಿಗೆ ಮಣ. ರೂಪಾಯಿ ನಾಣ್ಯದ ತೂಕವೂ ಸರಿಯಾಗಿ ಒಂದು ತೊಲ. ಆದ್ದರಿಂದ ಜೇಬಿನಲ್ಲಿದ್ದ ಬೆಳ್ಳಿ ರೂಪಾಯಿಯೇ ತೂಕದ ಕಲ್ಲಾಗಿಯೂ ಕೆಲಸಕ್ಕೆ ಬರುತ್ತಿತ್ತು. ಆದರೆ ಈ ಸೇರು ದಕ್ಷಿಣದ ನೂರು ಬಗೆಯ ಸೇರುಗಳನ್ನು ಓಡಿಸಲಾಗಲಿಲ್ಲ. ಅದು ನಡೆದದ್ದು ಸ್ವಾತಂತ್ರ್ಯ ಬಂದ ಮೇಲೆ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ಮೆಟ್ರಿಕ್ ಮಾನವನ್ನು ವಿಧಿಸುವ ಶಾಸನವಾಯಿತು. ಇಬ್ಬಗೆಯ ಏಕೀಕರಣ ಎರಡು ತಿಂಗಳ ಅಂತರದಲ್ಲಿ ಆಯಿತೆಂಬುದನ್ನು ನಮ್ಮ ಚರಿತ್ರೆಕಾರರು ಅಷ್ಟಾಗಿ ಗಮನಿಸಿದಂತಿಲ್ಲ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆ ಬಂದವು. 1958ರ ಅಕ್ಟೋಬರಿನಿಂದ ಕಿಲೋಗ್ರಾಮು ಹಂತಹಂತವಾಗಿ ಅಂಗಡಿಗಳಿಗೆ ಇಳಿಯಿತು.

ನ್ಯಾಯಕ್ಕಾಗಿ ಬಂದ ಅಳತೆ ಬರುವಾಗ ಸಣ್ಣದೊಂದು ಅನ್ಯಾಯವನ್ನೂ ಜೊತೆಗೆ ತಂದಿತು. ಆಣೆಗೆ ಲೆಕ್ಕದಂತೆ ಆರೂಕಾಲು ಪೈಸೆಯಾಗಬೇಕು. ಕಾಲು ಪೈಸೆ ಎಂಬ ನಾಣ್ಯವೇ ಇಲ್ಲ. ಆದ್ದರಿಂದ ಸರ್ಕಾರದ ಪಟ್ಟಿಯಲ್ಲಿ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು ಎಂದಿತ್ತು. ನಾಲ್ಕಾಣೆಯ ವ್ಯಾಪಾರ ಮಾಡಿದವರಿಗೆ ನಷ್ಟವಿಲ್ಲ. ಒಂದೊಂದೇ ಆಣೆಯ ಸೊಪ್ಪು ಮಾರಿ ಒಂದೊಂದೇ ಆಣೆಗೆ ಆರಾರು ಪೈಸೆ ಪಡೆದವಳಿಗೆ ಹದಿನಾರು ಸಲದಲ್ಲಿ ಸೇರಿದ್ದು ತೊಂಬತ್ತಾರು ಪೈಸೆ. ಏಳು ಪೈಸೆ ಕೇಳಿದರೆ ಕೊಳ್ಳುವ ಬಡವನಿಗೆ ನಷ್ಟ. ದೊಡ್ಡ ಮೊತ್ತದಲ್ಲಿ ಮುಚ್ಚಿಹೋಗುವ ಕಾಲು ಪೈಸೆ ಸಣ್ಣ ಮೊತ್ತದವರ ಪಾಲಿಗೆ ಮಾತ್ರ ಎದ್ದು ಕಾಣುತ್ತದೆ. 1964ರಲ್ಲಿ 'ನಯಾ' ಎಂಬ ಮಾತನ್ನು ತೆಗೆದು ಬರಿಯ ಪೈಸೆಯೆಂದು ಕರೆದ ಹೊತ್ತಿಗೆ ಜನ ಹೊಂದಿಕೊಂಡಿದ್ದರು. ಅದೇ ದಶಕದಲ್ಲಿ ಬಾಲ್ಯ ಕಳೆದ ನನ್ನಂಥವರು ಶಾಲೆಯಲ್ಲಿ ಕಿಲೋಗ್ರಾಮನ್ನು ಉರುಹೊಡೆದು, ಮನೆಗೆ ಬಂದು ಪಾವಿನಲ್ಲಿ ಅಳೆದ ಅಕ್ಕಿಯ ಅನ್ನವನ್ನು ಉಂಡವರು. ಎರಡು ಲೆಕ್ಕಗಳು ತಲೆಯೊಳಗೆ ಜಗಳವಿಲ್ಲದೆ ಇದ್ದವು.

ಆ ಬಳಿಕ ಅಳತೆ ಇನ್ನೂ ಮುಂದಕ್ಕೆ ಹೋಯಿತು. ಪ್ಯಾರಿಸಿನ ಬಳಿ ಗಾಜಿನ ಗಂಟೆಗಳೊಳಗೆ ಬೀಗ ಹಾಕಿ ಇಟ್ಟ ಪ್ಲಾಟಿನಂ-ಇರಿಡಿಯಂ ಲೋಹದ ಒಂದು ಸಣ್ಣ ಉರುಳೆ 1889ರಿಂದ ಲೋಕದ ಕಿಲೋಗ್ರಾಮಾಗಿತ್ತು. ಅದರ 57ನೆಯ ಸಂಖ್ಯೆಯ ಪ್ರತಿ ನಮ್ಮ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಬಂದಿತು. ಶತಮಾನ ಕಳೆಯುವುದರೊಳಗೆ ಮೂಲಕ್ಕೂ ಪ್ರತಿಗಳಿಗೂ ಗ್ರಾಮಿನ ಕೋಟಿಭಾಗಗಳ ಲೆಕ್ಕದಲ್ಲಿ ಸುಮಾರು ಐನೂರು ಭಾಗದಷ್ಟು ವ್ಯತ್ಯಾಸ ಕಂಡಿತು. ಬದಲಾದದ್ದು ಮೂಲವೋ ಪ್ರತಿಗಳೋ ಎಂದು ಕೇಳಿದರೆ ಉತ್ತರವಿಲ್ಲ. ಏಕೆಂದರೆ ಕಿಲೋಗ್ರಾಮೆಂದರೇನೆಂದು ಹೇಳುವುದೇ ಆ ಮೂಲ. ಕೊನೆಗೆ 2019ರ ಮೇ 20ರಂದು ಆ ಉರುಳೆಯನ್ನು ಅಧಿಕಾರದಿಂದ ಇಳಿಸಿ, ಪ್ರಕೃತಿಯ ಬದಲಾಗದ ಒಂದು ಸಂಖ್ಯೆಗೆ, ಪ್ಲಾಂಕನ ಸ್ಥಿರಾಂಕಕ್ಕೆ, ಕಿಲೋಗ್ರಾಮನ್ನು ಕಟ್ಟಿದರು. ಗುಲಗಂಜಿಯಿಂದ ಹೊರಟ ದಾರಿ ಪರಮಾಣುವಿನ ಲೋಕವನ್ನು ಮುಟ್ಟಿತು. ಅಂಗಡಿಯಲ್ಲಿ ಅದಕ್ಕೆ ತಕ್ಕ ಬದಲಾವಣೆಯೂ ಆಗಿದೆ. ವಿದ್ಯುನ್ಮಾನ ತಕ್ಕಡಿಯ ತಟ್ಟೆಯ ಕೆಳಗೆ ಒಂದು ಲೋಹದ ತುಂಡಿರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ತಂತಿಯ ಹಾಳೆ ಎಳೆಯಲ್ಪಟ್ಟು ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆ ಅಂಕಿಯಾಗಿ ಮೇಲೆ ಮಿನುಗುತ್ತದೆ. ಹಳೆಯ ತಕ್ಕಡಿ ಎರಡನ್ನು ಹೋಲಿಸುತ್ತಿತ್ತು. ಇದು ಭೂಮಿ ಎಳೆಯುವ ಎಳೆತವನ್ನು ಅಳೆಯುತ್ತದೆ. ಅದಕ್ಕಾಗಿಯೇ ಅದನ್ನು ಕಾಲಕಾಲಕ್ಕೆ ತಿಳಿದ ತೂಕವಿಟ್ಟು ಸರಿಪಡಿಸಿ ಮುದ್ರೆ ಹಾಕಬೇಕೆಂಬ ನಿಯಮವಿದೆ.

ಇಲ್ಲಿ ನಾವು ಗಳಿಸಿದ್ದೂ ಕಳೆದುಕೊಂಡದ್ದೂ ಎರಡೂ ಇವೆ. ಕುಲುಕುವ ಕೈ, ಗೋಪುರದ ಮೋಸ, ಊರಿಗೊಂದು ಸೇರು ಹೋದವು. ಅದು ಸಣ್ಣ ಗಳಿಕೆಯಲ್ಲ. ಅಳತೆ ಯಾರ ಕೈಯದೂ ಆಗದೆ ಎಲ್ಲರದೂ ಆದದ್ದರಿಂದ ಬಡವನಿಗೆ ದೊರೆತ ರಕ್ಷಣೆಯನ್ನು ಹಳೆಯ ಪದಗಳ ಮೇಲಿನ ಪ್ರೀತಿಯಿಂದ ಮರೆಯುವುದು ತಕ್ಕುದಲ್ಲ. ಆದರೆ ಹಳೆಯ ತಕ್ಕಡಿಯ ನ್ಯಾಯಾನ್ಯಾಯ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ತಟ್ಟೆ ಬದಲಿಸಿ ತೂಗೆಂದು ಕೇಳಬಹುದಾಗಿತ್ತು. ಮಿನುಗುವ ಅಂಕಿಯನ್ನು ಪ್ರಶ್ನಿಸುವ ವಿದ್ಯೆ ನಮ್ಮ ಸಂತೆಯ ಹೆಂಗಸರ ಕೈಗೆ ಇನ್ನೂ ಬಂದಿಲ್ಲ. ತೂಗುವ ಮೊದಲು ಸೊನ್ನೆಯಿದೆಯೇ ಎಂದು ನೋಡುವುದು, ಸಿಹಿತಿಂಡಿಯ ಜೊತೆಗೆ ರಟ್ಟಿನ ಪೆಟ್ಟಿಗೆಯನ್ನೂ ತೂಗುತ್ತಿದ್ದರೆ ಬೇಡವೆನ್ನುವುದು, ಮುದ್ರೆಯ ವರ್ಷ ಕೇಳುವುದು, ಇವು 'ಆ ಕಡೆ ಹಾಕಿ ತೂಗಪ್ಪ' ಎಂಬ ಮಾತಿನ ಇಂದಿನ ರೂಪಗಳು. ಅಳತೆ ಎಷ್ಟೇ ನಿಖರವಾದರೂ ಕೇಳುವ ಬಾಯಿ ಸುಮ್ಮನಾದರೆ ನ್ಯಾಯ ಅರ್ಧಕ್ಕೆ ನಿಲ್ಲುತ್ತದೆ.

ಹಳೆಯ ಅಳತೆಗಳು ಎಲ್ಲೆಲ್ಲಿ ಉಳಿದಿವೆಯೆಂಬುದನ್ನು ನೋಡಿದರೆ ಅದಕ್ಕೂ ಕಾರಣವಿದೆ. ಅಡುಗೆಮನೆಯಲ್ಲಿ ಪಾವು ಉಳಿದಿದೆ. ಏಕೆಂದರೆ ಅಲ್ಲಿ ಬೇಕಾದದ್ದು ಪ್ರಮಾಣ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರೆನ್ನುವಾಗ ಪಾವು ಎಷ್ಟು ದೊಡ್ಡದಾದರೂ ಅನ್ನ ಕೆಡುವುದಿಲ್ಲ. ಕಡಲೆಪುರಿಗೆ ಸೇರು ಉಳಿದಿದೆ. ಅಷ್ಟು ಹಗುರವಾದುದನ್ನು ತೂಗುವುದಕ್ಕಿಂತ ಅಳೆಯುವುದೇ ಸಲೀಸು. ಹೂವಿಗೆ ಮೊಳ ಉಳಿದಿದೆ. ಚಿನ್ನದಂಗಡಿಯ ಮುಂದೆ ಹತ್ತು ಗ್ರಾಮನ್ನೇ ತೊಲವೆನ್ನುವವರು ಉಳಿದಿದ್ದಾರೆ. ಎಲ್ಲಕ್ಕಿಂತ ಸೋಜಿಗವೆಂದರೆ, 1957ರಲ್ಲಿ ಅಧಿಕಾರ ಕಳೆದುಕೊಂಡ ಆಣೆ ನಮ್ಮ ಪಹಣಿ ಪತ್ರಿಕೆಯಲ್ಲಿ ಇನ್ನೂ ಜೀವಂತವಾಗಿದೆ. ಮೂವತ್ತಮೂರು ಅಡಿ ಉದ್ದಗಲದ ನೆಲ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಗುಂಟೆಯ ಹದಿನಾರನೆಯ ಪಾಲು ಆಣೆ. ಅಣ್ಣತಮ್ಮಂದಿರು ಭೂಮಿ ಹಂಚಿಕೊಳ್ಳುವಾಗ ಈಗಲೂ ಅರ್ಧ, ಕಾಲು, ಅರೆಕಾಲು, ವೀಸ ಎಂದು ಇಳಿಯಬೇಕಾಗುವುದರಿಂದ ಸಿಂಧೂ ಕಣಿವೆಯ ಆ ಹದಿನಾರು ಕಂಪ್ಯೂಟರಿನಲ್ಲಿ ಅಚ್ಚಾಗಿ ಬರುವ ಪಹಣಿಯಲ್ಲೂ ತನ್ನ ಜಾಗ ಬಿಟ್ಟುಕೊಟ್ಟಿಲ್ಲ. ಅಳತೆ ಬದಲಾಗುವುದು ಕಾನೂನಿನಿಂದ, ಉಳಿಯುವುದು ಉಪಯೋಗದಿಂದ. ಇವೆರಡರ ನಡುವೆ ತನ್ನ ಪಾಲು ಸರಿಯಾಗಿ ಬಂದಿತೇ ಎಂದು ಕೇಳುವ ಮನುಷ್ಯನಿದ್ದಾನೆ. ಕೊಳಗವಿರಲಿ, ಕಿಲೋಗ್ರಾಮಿರಲಿ, ಅವನಿಗೆ ಉತ್ತರ ಕೊಡುವುದಕ್ಕಾಗಿಯೇ ಅವು ಇರುವುದು.